ಲಂಡನ್‌ನ ಟ್ಯೂಬ್ ರೈಲು ಅಷ್ಟು ಇಕ್ಕಟ್ಟು ಯಾಕೆ, ನದಿ ದಾಟಿದರೆ ಕಾಣೆಯಾಗುವುದು ಯಾಕೆ?

ಪ್ರಶ್ನೆ: ಲಂಡನ್‌ನಲ್ಲಿರುವ ಮಗಳ ಮನೆಗೆ ಹೋಗಿ ಎರಡು ತಿಂಗಳು ಇದ್ದು ಬಂದೆ. ಅಲ್ಲಿನ ನೆಲದಡಿಯ ರೈಲಿನಲ್ಲಿ ತುಂಬಾ ಓಡಾಡಿದೆ. ಒಂದು ಲೈನಿನ ರೈಲು ಅಗಲವಾಗಿದೆ, ಎಸಿ ಇದೆ. ಇನ್ನೊಂದರಲ್ಲಿ ಬಾಗಿಲ ಹತ್ತಿರ ನಿಂತರೆ ತಲೆ ಬಗ್ಗಿಸಬೇಕು, ಸೆಕೆಯೋ ಸೆಕೆ. ಮಗಳ ಮನೆ ಇರುವ ಲೂಯಿಷಮ್ ಕಡೆಗಂತೂ ಟ್ಯೂಬೇ ಇಲ್ಲ. ನಕ್ಷೆಯಲ್ಲಿ ನದಿಯ ಕೆಳಗೆ ಎಲ್ಲ ಖಾಲಿ ಖಾಲಿ. ಇಷ್ಟು ಹಳೆಯ, ಇಷ್ಟು ಶ್ರೀಮಂತ ಊರಿನವರು ಮೊದಲೇ ಯೋಚನೆ ಮಾಡಿ ಕಟ್ಟಲಿಲ್ಲವೇ? ಈಗಲಾದರೂ ಬೇಗ ವಿಸ್ತರಿಸಬಹುದಲ್ಲ?

ಉತ್ತರ: ಕಟ್ಟಿದ ಪ್ರತಿಯೊಬ್ಬರೂ ಯೋಚನೆ ಮಾಡಿದ್ದರು, ಆದರೆ ತಮ್ಮ ತಮ್ಮ ಲೈನಿನ ಬಗ್ಗೆ ಮಾತ್ರ. ಇಡೀ ಊರಿಗೆ ಒಂದು ಜಾಲ ಬೇಕು ಅಂತ ಕೂತು ಲೆಕ್ಕ ಹಾಕುವ ಹೊತ್ತಿಗೆ ಮುಖ್ಯ ಲೈನುಗಳು ಆಗಲೇ ನೆಲದೊಳಗೆ ಸೇರಿಹೋಗಿದ್ದವು. ಅವು ಎಲ್ಲಿ ಹಾಯಬೇಕು, ಎಷ್ಟು ದಪ್ಪ ಇರಬೇಕು ಅಂತ ತೀರ್ಮಾನ ಮಾಡಿದ್ದು ಎರಡು ಸಂಗತಿ: ಲಂಡನ್ನಿನ ಅಡಿಯ ಮಣ್ಣು, ಮತ್ತು ಯಾರ ಜೇಬಿನ ದುಡ್ಡು ಅನ್ನುವುದು. ನೀವು ಕಂಡ ಇಕ್ಕಟ್ಟು, ಸೆಕೆ, ನದಿಯಾಚೆಯ ಖಾಲಿ ಜಾಗ, ಮೂರಕ್ಕೂ ಬೇರು ಅಲ್ಲೇ ಇದೆ.

ಮೊದಲು ಒಂದು ಗೊಂದಲ ಬಿಡಿಸೋಣ. ನೀವು ಓಡಾಡಿದ್ದು ಒಂದು ರೈಲು ವ್ಯವಸ್ಥೆಯಲ್ಲಿ ಅಲ್ಲ, ಒಂದೇ ನಕ್ಷೆಯ ಮೇಲೆ ಬಿಡಿಸಿದ ಎರಡರಲ್ಲಿ. ಅಗಲವಾದ, ಎಸಿ ಇದ್ದ ರೈಲು ಬಹುಶಃ ಮೆಟ್ರೋಪಾಲಿಟನ್, ಡಿಸ್ಟ್ರಿಕ್ಟ್, ಸರ್ಕಲ್ ಅಥವಾ ಹ್ಯಾಮರ್‌ಸ್ಮಿತ್ ಲೈನಿನದು. ಇವು ರಸ್ತೆಯ ಕೆಳಗೇ, ಒಂದೆರಡು ಮಹಡಿಯಷ್ಟು ಆಳದಲ್ಲಿ ಹೋಗುತ್ತವೆ. ತಲೆ ಬಗ್ಗಿಸಿದ ರೈಲು ಸೆಂಟ್ರಲ್, ನಾರ್ದರ್ನ್, ಪಿಕಡಿಲಿ, ಬೇಕರ್‌ಲೂ ಇವುಗಳಲ್ಲಿ ಒಂದು. ಇವು ಆಳದ ಕೊಳವೆಗಳು. 'ಟ್ಯೂಬ್' ಅನ್ನುವ ಹೆಸರು ಬಂದದ್ದೇ ಇವುಗಳಿಂದ. ಮೊದಲನೆಯದನ್ನು ಹಬೆ ಎಂಜಿನ್ನಿಗಾಗಿ ಕಟ್ಟಿದರು, ಎರಡನೆಯದನ್ನು ವಿದ್ಯುತ್ತಿಗಾಗಿ. ನಡುವೆ ಸುಮಾರು ಮೂವತ್ತು ವರ್ಷದ ಅಂತರ. ಹಳೆಯದೇ ಅಗಲ, ಹೊಸದೇ ಇಕ್ಕಟ್ಟು!

ಹಳೆಯದರಿಂದ ಶುರು ಮಾಡೋಣ. 1846ರಲ್ಲಿ ಒಂದು ರಾಯಲ್ ಕಮಿಷನ್ ಕೂತು, ಹೊರಗಿನಿಂದ ಬರುವ ರೈಲುಗಳು ಲಂಡನ್ನಿನ ನಡುಮಧ್ಯಕ್ಕೆ ನುಗ್ಗಬಾರದು ಅಂದಿತು. ಹಾಗಾಗಿ ಪ್ಯಾಡಿಂಗ್ಟನ್, ಯೂಸ್ಟನ್, ಕಿಂಗ್ಸ್ ಕ್ರಾಸ್ ಎಲ್ಲ ಊರಿನ ಉತ್ತರದ ಅಂಚಿನಲ್ಲೇ ನಿಂತವು. ರೈಲಿನಲ್ಲಿ ಬಂದವರೆಲ್ಲ ಅಲ್ಲಿಂದ ಕುದುರೆ ಗಾಡಿ ಹಿಡಿದು ಸಿಟಿಗೆ, ಅಂದರೆ ಬ್ಯಾಂಕು ವ್ಯಾಪಾರದ ಹಳೆಯ ಲಂಡನ್ನಿಗೆ ಹೋಗಬೇಕು. ರಸ್ತೆ ಪೂರಾ ಜಾಮ್. ಈ ನಿಲ್ದಾಣಗಳನ್ನು ನೆಲದಡಿಯಲ್ಲಿ ಪೋಣಿಸಿ ಸಿಟಿಗೆ ಸೇರಿಸೋಣ ಅಂತ ವರ್ಷಗಟ್ಟಲೆ ಬೆನ್ನು ಹತ್ತಿದವನು ಚಾರ್ಲ್ಸ್ ಪಿಯರ್ಸನ್ ಎಂಬ ವಕೀಲ. ಅವನು ಸಿಟಿ ಆಡಳಿತಕ್ಕೇ ವಕೀಲನಾಗಿದ್ದವನು. ಸಿಟಿ ಕಾರ್ಪೊರೇಷನ್ನಿನಿಂದ 2 ಲಕ್ಷ ಪೌಂಡಿನ ಷೇರು ಕೊಳ್ಳುವಂತೆ ಮಾಡಿದ. ಬಡ ಕಾರ್ಮಿಕರು ಕೊಳಚೆ ಬಿಟ್ಟು ಊರ ಹೊರಗೆ ಮನೆ ಮಾಡಿಕೊಂಡು ರೈಲಿನಲ್ಲಿ ಕೆಲಸಕ್ಕೆ ಬರಲಿ ಅನ್ನುವುದು ಅವನ ಆಸೆ. 1862ರ ಸೆಪ್ಟೆಂಬರಿನಲ್ಲಿ ಅವನು ತೀರಿಕೊಂಡ. ನಾಲ್ಕು ತಿಂಗಳ ಬಳಿಕ, 1863ರ ಜನವರಿ 10ರಂದು, ಪ್ಯಾಡಿಂಗ್ಟನ್ನಿನಿಂದ ಫ್ಯಾರಿಂಗ್‌ಡನ್‌ವರೆಗೆ ಸುಮಾರು 6 ಕಿಲೋಮೀಟರ್ ಉದ್ದದ ಮೆಟ್ರೋಪಾಲಿಟನ್ ರೈಲು ಓಡಿತು. ಪ್ರಪಂಚದ ಮೊದಲ ನೆಲದಡಿಯ ಪ್ರಯಾಣಿಕರ ರೈಲು ಅದು.

ಕಟ್ಟಿದ ಬಗೆ ಸರಳ. ರಸ್ತೆ ಅಗೆಯೋದು, ಹಳ್ಳದಲ್ಲಿ ಹಳಿ ಹಾಕೋದು, ಇಟ್ಟಿಗೆ ಕಮಾನು ಕಟ್ಟೋದು, ಮೇಲೆ ಮತ್ತೆ ರಸ್ತೆ ಮುಚ್ಚೋದು. ರಸ್ತೆ ಇದ್ದಲ್ಲಿ ರಸ್ತೆಯಡಿ. ರಸ್ತೆ ಇಲ್ಲದಲ್ಲಿ ಮನೆ ಕೆಡವಬೇಕು. ಕೆಡವಿದ್ದು ಯಾರ ಮನೆ ಅಂತ ಬೇರೆ ಹೇಳಬೇಕಿಲ್ಲ. ಫ್ಯಾರಿಂಗ್‌ಡನ್ ಕಣಿವೆಯ ಬಡವರು ಪರಿಹಾರವಿಲ್ಲದೆ ಜಾಗ ಖಾಲಿ ಮಾಡಿದರು. ಪಿಯರ್ಸನ್ ಯಾರಿಗೋಸ್ಕರ ಒದ್ದಾಡಿದನೋ ಅವರೇ ಮೊದಲು ಬೀದಿಗೆ ಬಿದ್ದರು. 1862ರ ಜೂನಿನಲ್ಲಿ ಫ್ಲೀಟ್ ನದಿಯ ಚರಂಡಿ ಒಡೆದು ಕೆಲಸದ ಜಾಗಕ್ಕೆ ಕೊಚ್ಚೆ ನೀರು ತುಂಬಿತ್ತು. ಫ್ಲೀಟ್ ಅಂದರೆ ಒಂದು ಕಾಲದ ನಿಜವಾದ ನದಿ, ಆ ಹೊತ್ತಿಗೆ ಮುಚ್ಚಿದ ಮೋರಿ. ನೆಲದಡಿಯ ಕೆಲಸದಲ್ಲಿ ಹೀಗೇ: ಮುಚ್ಚಿದ ನದಿಗೆ ತಾನು ನದಿ ಅನ್ನುವುದು ಮರೆತಿರುವುದಿಲ್ಲ.

ಹಬೆ ಎಂಜಿನ್ನಿಗೆ ಎತ್ತರ ಬೇಕು, ಅಗಲ ಬೇಕು, ಗಾಳಿ ಬೇಕು. ಹಾಗಾಗಿ ಈ ಸುರಂಗಗಳು ದೊಡ್ಡವು. ಇವತ್ತು ಅವುಗಳಲ್ಲಿ ಎಸಿ ಪೆಟ್ಟಿಗೆ ಹೊತ್ತ ಅಗಲದ ರೈಲು ಓಡುವುದು ಆ ಹೊಗೆಯ ಪುಣ್ಯ. ಹೊಗೆ ಹೋಗಲು ಅಲ್ಲಲ್ಲಿ ಬಾಯಿ ತೆರೆದ ಜಾಗವೂ ಬೇಕಿತ್ತು. ಬೇಸ್‌ವಾಟರ್ ಬಳಿ ಲೆನ್ಸ್‌ಟರ್ ಗಾರ್ಡನ್ಸ್ ಎಂಬ ಬೀದಿಯಲ್ಲಿ 23 ಮತ್ತು 24ನೇ ನಂಬರಿನ ಮನೆಗಳನ್ನು ಹೊರಗಿನಿಂದ ನೋಡಿದರೆ ಅಕ್ಕಪಕ್ಕದ ಬಿಳಿ ಮನೆಗಳ ಹಾಗೇ ಕಾಣುತ್ತವೆ. ಕಂಬ, ಬಾಲ್ಕನಿ, ಬಾಗಿಲು ಎಲ್ಲ ಇದೆ. ಹತ್ತಿರ ಹೋದರೆ ಕಿಟಕಿಗೆ ಗಾಜಿಲ್ಲ, ಬಣ್ಣ ಬಳಿದಿದೆ. ಬಾಗಿಲಿಗೆ ಕಾಗದ ಹಾಕುವ ಕಿಂಡಿ ಇಲ್ಲ. ಅದು ಮನೆಯಲ್ಲ, ಬರೀ ಗೋಡೆ. ಹಿಂದೆ ತೆರೆದ ಹಳ್ಳ, ಕೆಳಗೆ ಹಳಿ. ಎಂಜಿನ್ನು ಅಲ್ಲಿ ಹಬೆ ಬಿಡುತ್ತಿತ್ತು. ಶ್ರೀಮಂತರ ಬೀದಿಯ ಸಾಲು ಕೆಡಬಾರದು ಅಂತ ಆ ಮುಖವಾಡ ಕಟ್ಟಿದರು. ಫ್ಯಾರಿಂಗ್‌ಡನ್ನಿನಲ್ಲಿ ಮನೆಯೇ ಹೋಯಿತು, ಇಲ್ಲಿ ಮನೆಯ ನೋಟ ಉಳಿಸಲು ಸುಳ್ಳು ಮನೆ ಬಂತು.

ಈ ಹಳ್ಳದ ರೈಲುಗಳನ್ನು ಎರಡು ಕಂಪನಿ ಹಂಚಿಕೊಂಡಿದ್ದವು, ಮೆಟ್ರೋಪಾಲಿಟನ್ ಮತ್ತು ಡಿಸ್ಟ್ರಿಕ್ಟ್. ಎರಡರ ಯಜಮಾನರಿಗೂ, ವಾಟ್ಕಿನ್‌ಗೂ ಫೋರ್ಬ್ಸ್‌ಗೂ, ಎಣ್ಣೆ ಸೀಗೆಕಾಯಿ. ಊರನ್ನು ಸುತ್ತುವ ಸರ್ಕಲ್ ಪೂರ್ತಿಯಾಗಲು 1884ರವರೆಗೆ ಕಾಯಬೇಕಾಯಿತು. ಆದಮೇಲೂ ಒಂದು ಕಂಪನಿ ಬಲಸುತ್ತು ಓಡಿಸಿತು, ಇನ್ನೊಂದು ಎಡಸುತ್ತು. ಟಿಕೆಟ್ ಕೊಡುವವನು ತನ್ನ ಕಂಪನಿಯ ರೈಲಿಗೇ ಟಿಕೆಟ್ ಕೊಡುತ್ತಿದ್ದ. ಮೂರು ನಿಲ್ದಾಣದಾಚೆ ಹೋಗಬೇಕಾದ ಪಾಪದ ಪ್ರಯಾಣಿಕ ಊರೆಲ್ಲ ಸುತ್ತಿ ಇಳಿಯುತ್ತಿದ್ದ.

ಸರ್ಕಲ್ ಮುಗಿಯುವ ಹೊತ್ತಿಗೆ ಅಗೆದು ಮುಚ್ಚುವ ಆಟವೂ ಮುಗಿದಿತ್ತು. ನಡುಮಧ್ಯದ ಬೀದಿಗಳನ್ನು ಅಗೆಯಲು ಯಾರೂ ಬಿಡರು, ಕಟ್ಟಡ ಕೊಂಡು ಕೆಡವಲು ದುಡ್ಡು ಸಾಲದು. ಉಳಿದದ್ದು ಒಂದೇ ದಾರಿ, ಇನ್ನೂ ಕೆಳಗೆ.

ಸುರಂಗದ ಕೆಲಸದಲ್ಲಿರುವ ನಮ್ಮಂಥವರು ಯಾವ ಊರಿಗೆ ಹೋದರೂ ಮೊದಲು ಕೇಳುವ ಪ್ರಶ್ನೆ, ಕೆಳಗೆ ಏನಿದೆ? ಲಂಡನ್ನಿನ ಕೆಳಗೆ, ಮುಖ್ಯವಾಗಿ ಥೇಮ್ಸ್ ನದಿಯ ಉತ್ತರಕ್ಕೆ, ದಪ್ಪನೆಯ ಜೇಡಿಮಣ್ಣಿನ ಪದರ ಇದೆ. ಸುಮಾರು 5 ಕೋಟಿ ವರ್ಷದ ಹಿಂದೆ ಸಮುದ್ರದ ತಳದಲ್ಲಿ ಕೂತ ಕೆಸರು ಅದು. ನೀಲಿ ಮಿಶ್ರಿತ ಬೂದು ಬಣ್ಣ. ಕೈಯಲ್ಲಿ ಹಿಡಿದರೆ ಗಟ್ಟಿ ಸಾಬೂನಿನ ಹಾಗೆ. ಗುದ್ದಲಿಯಿಂದ ಕಡಿಯಬಹುದು, ಕಡಿದ ಮೇಲೆ ಸುಮಾರು ಹೊತ್ತು ಕುಸಿಯದೆ ನಿಲ್ಲುತ್ತದೆ, ನೀರು ಬಿಡುವುದಿಲ್ಲ. ಸುರಂಗ ತೋಡುವವನು ದೇವರಲ್ಲಿ ಬೇಡಿಕೊಂಡರೂ ಇದಕ್ಕಿಂತ ಒಳ್ಳೆ ಮಣ್ಣು ಸಿಗುವುದಿಲ್ಲ.

ಅದನ್ನು ಬಳಸುವ ಉಪಾಯ ಹಂತಹಂತವಾಗಿ ಬಂತು. ಮಾರ್ಕ್ ಬ್ರೂನೆಲ್ 1825ರಿಂದ 1843ರವರೆಗೆ ಗುದ್ದಾಡಿ, ಒಂದು ಆಯತಾಕಾರದ ಕಬ್ಬಿಣದ ಚೌಕಟ್ಟಿನ ಆಸರೆಯಲ್ಲಿ ಥೇಮ್ಸ್ ಕೆಳಗೆ ಸುರಂಗ ಮಾಡಿದ್ದ. 1869ರಲ್ಲಿ ಪೀಟರ್ ಬಾರ್ಲೋ ಮತ್ತು ಜೇಮ್ಸ್ ಗ್ರೇಟ್‌ಹೆಡ್ ಅದನ್ನೇ ದುಂಡಗೆ ಮಾಡಿ, ಲಂಡನ್ ಟವರ್ ಹತ್ತಿರ ಸಣ್ಣದೊಂದು ಸುರಂಗ ಕೊರೆದರು. ಆಮೇಲೆ ಗ್ರೇಟ್‌ಹೆಡ್ ಈ ಗುರಾಣಿಯನ್ನು, ಅಂದರೆ ಶೀಲ್ಡನ್ನು, ಪಳಗಿಸಿದ. ಹೀಗೆ ಊಹಿಸಿಕೊಳ್ಳಿ. ಎರಡೂ ಕಡೆ ತೆರೆದ ದೊಡ್ಡ ಉಕ್ಕಿನ ಡ್ರಮ್ ಒಂದು ಮಣ್ಣಿನೊಳಗೆ ಅಡ್ಡ ಮಲಗಿದೆ. ಮುಂದಿನ ಬಾಯಲ್ಲಿ ನಾಲ್ಕಾರು ಜನ ಮಣ್ಣು ಕಡಿಯುತ್ತಾರೆ. ಅರ್ಧ ಮೀಟರಿನಷ್ಟು ಕಡಿದ ಮೇಲೆ ಹಿಂದಿನ ಜ್ಯಾಕ್‌ಗಳು ಡ್ರಮ್ಮನ್ನು ಮುಂದಕ್ಕೆ ನೂಕುತ್ತವೆ. ಡ್ರಮ್ಮಿನ ಬಾಲದ ಮರೆಯಲ್ಲಿ ಎರಕದ ಕಬ್ಬಿಣದ ತುಂಡುಗಳನ್ನು ಬೋಲ್ಟ್ ಹಾಕಿ ಸೇರಿಸಿ ಒಂದು ಬಳೆ ಮಾಡುತ್ತಾರೆ. ಬಳೆಗೂ ಮಣ್ಣಿಗೂ ನಡುವೆ ಉಳಿದ ಸಂದಿಗೆ ಗಾಳಿಯ ಒತ್ತಡದಲ್ಲಿ ಗಾರೆ ತುಂಬುತ್ತಾರೆ. ಮತ್ತೆ ಕಡಿ, ಮತ್ತೆ ನೂಕು, ಮತ್ತೊಂದು ಬಳೆ. ಮೇಲಿನ ರಸ್ತೆಯಲ್ಲಿ ಹೋಗುವವರಿಗೆ ಸುಳಿವೇ ಇಲ್ಲ. ಇವತ್ತಿನ ನೂರಾರು ಟನ್ನಿನ ಟಿಬಿಎಂ, ಅಂದರೆ ಸುರಂಗ ಕೊರೆಯುವ ಯಂತ್ರ, ಮಾಡುವುದೂ ಇದನ್ನೇ. ಗುದ್ದಲಿಯ ಜಾಗಕ್ಕೆ ಹಲ್ಲಿನ ಚಕ್ರ ಬಂದಿದೆ, ಕಬ್ಬಿಣದ ಜಾಗಕ್ಕೆ ಹೆಚ್ಚಾಗಿ ಕಾಂಕ್ರೀಟ್ ಬಂದಿದೆ, ಅಷ್ಟೇ.

ಈಗ ನಿಮ್ಮ ಇಕ್ಕಟ್ಟಿನ ವಿಷಯ. ದುಂಡನೆಯ ಸುರಂಗದಲ್ಲಿ ತೆಗೆಯಬೇಕಾದ ಮಣ್ಣು ವ್ಯಾಸದ ವರ್ಗದಷ್ಟು ಏರುತ್ತದೆ. ವ್ಯಾಸ ಎರಡು ಪಟ್ಟಾದರೆ ಮಣ್ಣು ನಾಲ್ಕು ಪಟ್ಟು. 1890ರಲ್ಲಿ ತೆರೆದ ಮೊದಲ ಆಳದ ವಿದ್ಯುತ್ ಲೈನು, ಸಿಟಿ ಅಂಡ್ ಸೌತ್ ಲಂಡನ್, ಖಾಸಗಿ ಕಂಪನಿಯದು. ಒಂದೊಂದು ಇಂಚಿಗೂ ಷೇರುದಾರರ ದುಡ್ಡು. ಅವರು ಸುಮಾರು 3.1ರಿಂದ 3.2 ಮೀಟರ್ ವ್ಯಾಸಕ್ಕೇ ನಿಂತರು. ಮೊದಲು ಅಲ್ಲಿ ಹಗ್ಗ ಕಟ್ಟಿ ಗಾಡಿ ಎಳೆಯುವ ಯೋಜನೆ ಇತ್ತು. ಹಗ್ಗದ ಗುತ್ತಿಗೆಯ ಕಂಪನಿ ದಿವಾಳಿಯಾಯಿತು, ವಿದ್ಯುತ್ತಿಗೆ ಹೋದರು. ಸುರಂಗದ ಗಾತ್ರ ಮಾತ್ರ ಹಗ್ಗದ ಕಾಲದ್ದೇ ಉಳಿಯಿತು. ಬೋಗಿಗೆ ಕಿಟಕಿ ಕೂಡ ಸರಿಯಾಗಿ ಇರಲಿಲ್ಲ, ಕತ್ತಲಲ್ಲಿ ನೋಡೋದಕ್ಕೇನಿದೆ ಅಂತ. ಜನ ಅದನ್ನು ಮೆತ್ತೆ ಹೊದಿಸಿದ ಜೈಲುಕೋಣೆ ಅಂತ ಆಡಿಕೊಂಡರು. ಮುಂದೆ ಬಂದ ಟ್ಯೂಬುಗಳು ಸ್ವಲ್ಪ ಹಿಗ್ಗಿ ಸುಮಾರು 3.56 ಮೀಟರ್ ಆದವು. ಅಷ್ಟಕ್ಕೇ ಮಣ್ಣು ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಜಾಸ್ತಿ. ಅಲ್ಲಿಗೆ ನಿಂತಿತು. ಬಾಗಿಲ ಹತ್ತಿರ ನಿಮ್ಮ ತಲೆಗೆ ತಗುಲಿದ್ದು ಷೇರುದಾರರ ಆ ಲೆಕ್ಕ.

ಕಾನೂನೂ ಇದಕ್ಕೆ ಸೇರಿಕೊಂಡಿತು. ಖಾಸಗಿ ಕಟ್ಟಡದ ಅಡಿಯಲ್ಲಿ ಹೋದರೆ ಮಾಲೀಕನಿಗೆ ದುಡ್ಡು ಕೊಡಬೇಕು, ರಸ್ತೆಯ ಅಡಿಯಲ್ಲಿ ಹೋದರೆ ಆ ಖರ್ಚಿಲ್ಲ. ಹಾಗಾಗಿ 1900ರಲ್ಲಿ ತೆರೆದ ಸೆಂಟ್ರಲ್ ಲೈನು ಮೇಲಿನ ರಸ್ತೆಯನ್ನೇ ಬಿಡದೆ ಹಿಂಬಾಲಿಸುತ್ತದೆ. ರಸ್ತೆ ಡೊಂಕಾದರೆ ಸುರಂಗವೂ ಡೊಂಕು. ಬ್ಯಾಂಕ್ ನಿಲ್ದಾಣದಲ್ಲಿ ಸೆಂಟ್ರಲ್ ಲೈನಿನ ಪ್ಲಾಟ್‌ಫಾರಂ ಎಷ್ಟು ಬಾಗಿದೆ ಅಂದರೆ ಈ ತುದಿಯಲ್ಲಿ ನಿಂತರೆ ಆ ತುದಿ ಕಾಣುವುದಿಲ್ಲ. ನೇರವಾದ ಬೋಗಿ ಬಾಗಿದ ಪ್ಲಾಟ್‌ಫಾರಂಗೆ ಬಂದು ನಿಂತರೆ ನಡುವೆ ಸಂದಿ ಬಿದ್ದೇ ಬೀಳುತ್ತದೆ. ಸಂದಿ ನೋಡಿಕೊಳ್ಳಿ ಅನ್ನುವ ಆ ಹೆಸರಾದ ಕೂಗು ಸುಮ್ನೆ ಬಂದದ್ದಲ್ಲ. ಚಾನ್ಸರಿ ಲೇನ್‌ನಲ್ಲಿ ಇನ್ನೂ ಮಜಾ ಇದೆ. ಮೇಲಿನ ಬೀದಿ ಕಿರಿದು, ಎರಡು ಸುರಂಗ ಪಕ್ಕಪಕ್ಕ ಹಿಡಿಸುವುದಿಲ್ಲ. ಒಂದರ ಮೇಲೆ ಒಂದು ಇಟ್ಟರು. ಎದುರು ದಿಕ್ಕಿನ ರೈಲು ಹಿಡಿಯಬೇಕಾದರೆ ಇವತ್ತಿಗೂ ಅಲ್ಲಿ ಮಹಡಿ ಬದಲಿಸಬೇಕು.

ಇದೇ ಸೆಂಟ್ರಲ್ ಲೈನಿನಲ್ಲಿ ಒಂದು ಜಾಣತನವೂ ಇದೆ, ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ನಿಲ್ದಾಣಗಳನ್ನು ಸಣ್ಣ ದಿಬ್ಬದ ಮೇಲೆ ಕೂರಿಸಿದ್ದಾರೆ. ಬರುವ ರೈಲು ಏರು ಹತ್ತುತ್ತಾ ತಾನೇ ನಿಧಾನವಾಗುತ್ತದೆ, ಹೊರಡುವಾಗ ಇಳಿಜಾರಿನಲ್ಲಿ ತಾನೇ ವೇಗ ಹಿಡಿಯುತ್ತದೆ. ಬ್ರೇಕೂ ಉಳಿಯಿತು, ಕರೆಂಟೂ ಉಳಿಯಿತು.

ಇಷ್ಟು ಹೊತ್ತಿಗೆ ಟ್ಯೂಬು ಲಾಭದ ಧಂಧೆ ಅಂತ ಎಲ್ಲರಿಗೂ ಅನ್ನಿಸಿತ್ತು. ಸೆಂಟ್ರಲ್ ಲೈನಿನಲ್ಲಿ ಎಲ್ಲಿಗೆ ಹೋದರೂ 2 ಪೆನ್ನಿ, ಜನ ಮುಗಿಬಿದ್ದರು. ಅಮೆರಿಕದಿಂದ ಚಾರ್ಲ್ಸ್ ಯರ್ಕೀಸ್ ಬಂದ. ಷಿಕಾಗೋದ ಟ್ರಾಮ್‌ಗಳಲ್ಲಿ ದುಡ್ಡು ಮಾಡಿದವನು, ಅದಕ್ಕೂ ಮೊದಲು ಫಿಲಡೆಲ್ಫಿಯಾದಲ್ಲಿ ಹಣದ ವ್ಯವಹಾರಕ್ಕೆ ಜೈಲು ಕಂಡವನು. ಅರ್ಧಕ್ಕೆ ನಿಂತ, ಕಾಗದದ ಮೇಲೇ ಉಳಿದ ಲೈನುಗಳನ್ನೆಲ್ಲ ಕೊಂಡು ಹಾಕಿದ. 1906ರಲ್ಲಿ ಬೇಕರ್‌ಲೂ ಮತ್ತು ಪಿಕಡಿಲಿ, 1907ರಲ್ಲಿ ಇವತ್ತಿನ ನಾರ್ದರ್ನ್ ಲೈನಿನ ಹ್ಯಾಂಪ್‌ಸ್ಟೆಡ್ ಕವಲು, ಹದಿನೈದೇ ತಿಂಗಳಲ್ಲಿ ಮೂರೂ ತೆರೆದವು. ಯಾವುದನ್ನೂ ನೋಡಲು ಅವನು ಇರಲಿಲ್ಲ, 1905ರ ಕೊನೆಗೇ ಸತ್ತಿದ್ದ. ಇವತ್ತಿನ ಲಂಡನ್ ನಡುಮಧ್ಯದ ಟ್ಯೂಬ್ ನಕ್ಷೆಯ ಮುಕ್ಕಾಲು ಪಾಲು ಆಗಲೇ ಮುಗಿದಿತ್ತು. ಆದರೆ ಮೊದಲ ವರ್ಷ ಬಂದ ಜನ ಅಂದಾಜು ಮಾಡಿದ್ದರ ಅರ್ಧದ ಆಸುಪಾಸು. ಕಂಪನಿ ಮುಳುಗುವ ಹಂತಕ್ಕೆ ಬಂತು.

ಇಲ್ಲಿಂದ ಮುಂದಿನ ಕಥೆಯೆಲ್ಲ ಒಂದೇ ತಲೆನೋವು. ಟಿಕೆಟ್ಟಿನ ದುಡ್ಡಿನಲ್ಲಿ ಸುರಂಗದ ಸಾಲ ತೀರುವುದಿಲ್ಲ. ಲಾಭ ಆಗುವುದು ನಿಜ, ಆದರೆ ಅದು ರೈಲಿನವನಿಗಲ್ಲ, ನಿಲ್ದಾಣದ ಪಕ್ಕ ಜಾಗ ಇಟ್ಟುಕೊಂಡವನಿಗೆ. ಗೋಲ್ಡರ್ಸ್ ಗ್ರೀನ್ ಎಂಬ ನಿಲ್ದಾಣ 1907ರಲ್ಲಿ ತೆರೆದಾಗ ಸುತ್ತ ಹೊಲ. ಕೆಲವೇ ವರ್ಷದಲ್ಲಿ ಅಲ್ಲಿ ಮನೆಗಳ ಸಾಲು ಎದ್ದವು. ಸೈಟು ಮಾರಿದವರು ಗೆದ್ದರು. ಇದನ್ನು ಸರಿಯಾಗಿ ಅರ್ಥ ಮಾಡಿಕೊಂಡಿದ್ದು ಮೆಟ್ರೋಪಾಲಿಟನ್ ಕಂಪನಿ ಒಂದೇ. ಹಳಿ ಹಾಕಿ ಉಳಿದ ಜಾಗ ಇಟ್ಟುಕೊಳ್ಳಲು ಅದಕ್ಕೆ ವಿಶೇಷ ಅನುಮತಿ ಇತ್ತು. 1919ರಿಂದ ತನ್ನದೇ ಒಂದು ಎಸ್ಟೇಟ್ ಕಂಪನಿ ಮಾಡಿ, ಲೈನಿನುದ್ದಕ್ಕೂ ಮನೆ ಕಟ್ಟಿಸಿ, 'ಮೆಟ್ರೋಲ್ಯಾಂಡ್' ಅಂತ ಹೆಸರಿಟ್ಟು ಮಾರಿತು. ಮನೆಯೂ ನಮ್ಮದು, ಆಫೀಸಿಗೆ ಹೋಗುವ ರೈಲೂ ನಮ್ಮದು. ಲಂಡನ್ನಿನ ವಾಯವ್ಯಕ್ಕೆ ಆ ಲೈನು ಅಷ್ಟು ದೂರ ಚಾಚಿಕೊಂಡಿರುವುದರ ಹಿಂದೆ ಈ ಮನೆ ವ್ಯಾಪಾರದ ಪಾಲು ದೊಡ್ಡದು.

ಹಾಗಾದರೆ ದಕ್ಷಿಣ? 272 ನಿಲ್ದಾಣಗಳಲ್ಲಿ ಥೇಮ್ಸಿನ ದಕ್ಷಿಣಕ್ಕಿರುವುದು ಸುಮಾರು 30. ಕೇಳಿದವರಿಗೆಲ್ಲ 'ಅಲ್ಲಿ ಮಣ್ಣು ಸರಿಯಿಲ್ಲ' ಅನ್ನುವ ಉತ್ತರ ಸಿಗುತ್ತದೆ. ಅದು ಅರ್ಧ ನಿಜ. ದಕ್ಷಿಣದಲ್ಲಿ ಹಲವು ಕಡೆ ಜೇಡಿ ಪದರ ತೆಳು, ಕೆಳಗೆ ನೀರು ತುಂಬಿದ ಮರಳು, ಗರಸು. ಮರಳಿನಲ್ಲಿ ಶೀಲ್ಡಿನ ಬಾಯಿ ತೆರೆದರೆ ನೀರು ಮರಳು ಎರಡೂ ಒಳಗೆ ನುಗ್ಗುತ್ತವೆ. ಆ ಮೊದಲ ಆಳದ ಲೈನಿಗೇ ಸ್ಟಾಕ್‌ವೆಲ್ ಹತ್ತಿರ ಇಂಥ ನೆಲ ಸಿಕ್ಕಿ, ಸುರಂಗದೊಳಗೆ ಗಾಳಿಯ ಒತ್ತಡ ಏರಿಸಿ ನೀರನ್ನು ತಡೆದು ಕೆಲಸ ಮಾಡಬೇಕಾಯಿತು. ಕಷ್ಟ, ಖರ್ಚು, ಆದರೆ ಆಗದ ಕೆಲಸವಲ್ಲ. ಪ್ರಪಂಚದ ಮೊದಲ ಆಳದ ಟ್ಯೂಬ್ ಹೋಗಿದ್ದೇ ದಕ್ಷಿಣಕ್ಕೆ ಅಲ್ವಾ!

ಉಳಿದ ಅರ್ಧ ಪೈಪೋಟಿಯದ್ದು. ನನ್ನ ಲೆಕ್ಕದಲ್ಲಿ ಇದೇ ದೊಡ್ಡ ಅರ್ಧ. ದಕ್ಷಿಣದಲ್ಲಿ ಮಾಮೂಲಿ ರೈಲು ಕಂಪನಿಗಳು ಮೊದಲೇ ಬಲೆಯ ಹಾಗೆ ಹಳಿ ಹಾಸಿದ್ದವು, ಆಮೇಲೆ ಅವುಗಳನ್ನು ವಿದ್ಯುತ್ತಿಗೂ ತಿರುಗಿಸಿದವು. ಮೇಲೆ ರೈಲು ಇರುವಾಗ ಕೆಳಗೆ ಕೊರೆಯಲು ಯಾರು ದುಡ್ಡು ಹಾಕುತ್ತಾರೆ? 1920ರ ದಶಕದಲ್ಲಿ ನಿರುದ್ಯೋಗ ಇಳಿಸಲು ಸರ್ಕಾರ ಸಾಲಕ್ಕೆ ಜಾಮೀನು ನಿಂತಾಗ ಇವತ್ತಿನ ನಾರ್ದರ್ನ್ ಲೈನನ್ನು ದಕ್ಷಿಣಕ್ಕೆ ಎಳೆದರು. ದಕ್ಷಿಣದ ಮಾಮೂಲಿ ರೈಲು ಕಂಪನಿ ಸದರ್ನ್ ರೈಲ್ವೆ ಹೌಹಾರಿತು, ಜಗಳ ಆಡಿತು. ಕೊನೆಗೆ ರಾಜಿಯಾಯಿತು: ಟ್ಯೂಬು ಮೋರ್ಡನ್ನಿನಲ್ಲಿ ನಿಲ್ಲಬೇಕು, ಅದರಾಚೆಯ ಸಟನ್ ಸದರ್ನ್ ರೈಲ್ವೆಯದು. 1926ರಲ್ಲಿ ಮೋರ್ಡನ್ ತೆರೆಯಿತು. ಇವತ್ತಿಗೂ ಟ್ಯೂಬಿನ ದಕ್ಷಿಣದ ಕೊನೆ ಮೋರ್ಡನ್ನೇ.

ಮಗಳ ಊರಿನ ಕಥೆ ಇನ್ನೂ ಬೇಸರದ್ದು. ಬೇಕರ್‌ಲೂ ಲೈನು ನದಿ ದಾಟಿ ಎಲಿಫೆಂಟ್ ಅಂಡ್ ಕಾಸಲ್ ತಲುಪಿದ್ದು 1906ರಲ್ಲಿ. ಅಲ್ಲೇ ನಿಂತಿದೆ. 1931ರಲ್ಲಿ ಅದನ್ನು ಕ್ಯಾಂಬರ್‌ವೆಲ್‌ವರೆಗೆ ಬೆಳೆಸಲು ಪಾರ್ಲಿಮೆಂಟಿನ ಒಪ್ಪಿಗೆಯೂ ಸಿಕ್ಕಿತ್ತು, ಕೆಲಸ ಆಗಲಿಲ್ಲ. ಯುದ್ಧದ ಬಳಿಕ ಮತ್ತೆ ಎತ್ತಿದರು, ಮತ್ತೆ ಬಿಟ್ಟರು. ಈಗಿನ ಯೋಜನೆ ಓಲ್ಡ್ ಕೆಂಟ್ ರೋಡ್, ನ್ಯೂ ಕ್ರಾಸ್ ಗೇಟ್ ಮೂಲಕ ಲೂಯಿಷಮ್‌ಗೆ ಬರುವುದು. 2021ರಲ್ಲಿ ಸರ್ಕಾರ ಆ ದಾರಿಯನ್ನು ಕಾಯ್ದಿರಿಸಿತು, ಅಂದರೆ ಅಡ್ಡ ಬರುವ ಹಾಗೆ ಯಾರೂ ಆಳದ ಪಾಯ ಹಾಕುವಂತಿಲ್ಲ. ಕಾಯ್ದಿರಿಸುವುದು ಬೇರೆ, ದುಡ್ಡು ಕೊಡುವುದು ಬೇರೆ. ಹಾಗಾಗಿ ಮಗಳಿಗೆ ಸದ್ಯಕ್ಕೆ ಡಿಎಲ್‌ಆರ್ ಎಂಬ ಲಘು ರೈಲು ಮತ್ತು ಮಾಮೂಲಿ ರೈಲೇ ಗತಿ.

ಸರ್ಕಾರದ ಕೈಗೆ ಬಂದ ಮೇಲಾದರೂ ಬೇಗ ಆಗಬೇಕಿತ್ತಲ್ಲ ಅನ್ನುತ್ತೀರಿ. 1933ರಲ್ಲಿ ಎಲ್ಲ ಕಂಪನಿಗಳನ್ನು ಒಂದೇ ಮಂಡಳಿಯ ಕೆಳಗೆ ತಂದರು. ಹ್ಯಾರಿ ಬೆಕ್‌ನ ಆ ನೇರ ಗೆರೆಗಳ ನಕ್ಷೆ ಜನರ ಕೈಗೆ ಬಂದದ್ದೂ ಅದೇ ವರ್ಷ. ಎಲ್ಲ ಮೊದಲಿನಿಂದ ಯೋಜಿಸಿ ಮಾಡಿದ್ದು ಅಂತ ನಮಗೆ ಅನ್ನಿಸುವುದಕ್ಕೆ ಆ ನಕ್ಷೆಯೂ ಕಾರಣ. ಅದರಲ್ಲಿ ದೂರ ಕಾಣುವ ಲೆಸ್ಟರ್ ಸ್ಕ್ವೇರ್ ಮತ್ತು ಕೋವೆಂಟ್ ಗಾರ್ಡನ್ ನಡುವೆ ನಿಜವಾಗಿ ಇರುವುದು ಸುಮಾರು 260 ಮೀಟರ್. ರೈಲಿಗೆ ಇಳಿದು ಹತ್ತುವಷ್ಟರಲ್ಲಿ ನಡೆದೇ ಮುಟ್ಟಬಹುದು.

ಮಂಡಳಿ 1935ರಲ್ಲಿ ದೊಡ್ಡ ವಿಸ್ತರಣೆಗೆ ಕೈ ಹಾಕಿತು. ಯುದ್ಧ ಬಂತು. ಪೂರ್ವದಲ್ಲಿ ಹಳಿ ಬೀಳದ ಸೆಂಟ್ರಲ್ ಲೈನಿನ ಸುರಂಗದೊಳಗೆ ವಿಮಾನದ ಬಿಡಿಭಾಗ ಮಾಡುವ ಕಾರ್ಖಾನೆ ಇಟ್ಟರು. ಉತ್ತರದಲ್ಲಿ ಬುಷಿ ಹೀತ್ ಕಡೆಗಿನ ಲೈನಿಗೆ ಕಟ್ಟಿದ್ದ ಡಿಪೋದಲ್ಲಿ ಬಾಂಬರ್ ವಿಮಾನ ಜೋಡಿಸಿದರು. ಯುದ್ಧ ಮುಗಿದ ಮೇಲೆ ಆ ಲೈನು ಬೇಡವೇ ಆಯಿತು. ಊರ ಸುತ್ತ ಹಸಿರು ಪಟ್ಟಿ ಉಳಿಸಬೇಕು ಅಂತ ಕಾನೂನು ಬಂತು, ಮನೆ ಏಳದ ಕಡೆ ರೈಲು ಯಾರಿಗೆ? ಬ್ರಾಕ್ಲಿ ಹಿಲ್ ಹತ್ತಿರ ಹೊಲದ ನಡುವೆ ಅದರ ಇಟ್ಟಿಗೆ ಕಮಾನುಗಳ ಅವಶೇಷ ಇನ್ನೂ ನಿಂತಿದೆ.

ಮುಂದಿನ ಹೊಸ ಟ್ಯೂಬು, ವಿಕ್ಟೋರಿಯಾ ಲೈನು, ತೆರೆದದ್ದು 1968ರಲ್ಲಿ. ಯರ್ಕೀಸನ ಲೈನುಗಳ ನಂತರ ಅರವತ್ತೊಂದು ವರ್ಷ! ಟಿಕೆಟ್ಟಿನಿಂದ ಇದರ ಖರ್ಚು ಬರುವುದಿಲ್ಲ ಅಂತ ಮೊದಲೇ ಗೊತ್ತಿತ್ತು. ಅದಕ್ಕೆ ಅರ್ಥಶಾಸ್ತ್ರಜ್ಞರಾದ ಫಾಸ್ಟರ್ ಮತ್ತು ಬೀಸ್ಲಿ ಬೇರೆ ಥರದ ಲೆಕ್ಕ ಹಾಕಿ ತೋರಿಸಿದರು. ಜನರಿಗೆ ಉಳಿಯುವ ಸಮಯಕ್ಕೂ, ರಸ್ತೆಯಲ್ಲಿ ಕಡಿಮೆಯಾಗುವ ಜಾಮ್‌ಗೂ ಬೆಲೆ ಕಟ್ಟಿದರೆ ಇದು ನಷ್ಟದ ಕೆಲಸವಲ್ಲ ಅಂದರು. ಇವತ್ತು ಬಹಳಷ್ಟು ಮೆಟ್ರೋ ಯೋಜನೆಗಳಿಗೆ ಈ ಬಗೆಯ ಲೆಕ್ಕವೇ ಆಧಾರ. ಇಡೀ ಜಾಲವನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಕಿದ ಮೊದಲ ಲೈನೂ ಇದೇ ಅನ್ನಬಹುದು. ಪಿಮ್ಲಿಕೋ ಒಂದನ್ನು ಬಿಟ್ಟು ಪ್ರತಿ ನಿಲ್ದಾಣದಲ್ಲೂ ಬೇರೆ ಲೈನಿಗೋ ಮಾಮೂಲಿ ರೈಲಿಗೋ ಬದಲಿಸಬಹುದು. ಆಕ್ಸ್‌ಫರ್ಡ್ ಸರ್ಕಸ್‌ನಲ್ಲಿ ಟಿಕೆಟ್ ಹಾಲ್ ದೊಡ್ಡದು ಮಾಡಬೇಕಿತ್ತು, ಆದರೆ ಮೇಲಿನ ವೃತ್ತ ಮುಚ್ಚುವ ಹಾಗಿಲ್ಲ. 1963ರ ಆಗಸ್ಟ್ ರಜೆಯ ವಾರಾಂತ್ಯದಲ್ಲಿ ಇಡೀ ವೃತ್ತದ ಮೇಲೆ ಉಕ್ಕಿನ ಸೇತುವೆ ಕೂರಿಸಿಬಿಟ್ಟರು. ಸುಮಾರು ಐದು ವರ್ಷ ಬಸ್ಸು ಕಾರು ಅದನ್ನು ಹತ್ತಿ ಇಳಿದವು, ಕೆಳಗೆ ಅಗೆತ ನಡೆಯಿತು.

ಆಮೇಲಿನವನ್ನು ಬೇಗ ಹೇಳಿ ಮುಗಿಸುತ್ತೇನೆ. 1999ರ ಜ್ಯೂಬಿಲಿ ಲೈನಿನ ವಿಸ್ತರಣೆಗೆ, ಕ್ಯಾನರಿ ವಾರ್ಫ್ ಎಂಬ ಕಚೇರಿ ಗೋಪುರಗಳ ಪ್ರದೇಶ ಕಟ್ಟಿದ ಕಂಪನಿ ಪಾಲು ಕೊಡುತ್ತೇನೆ ಅಂದಿತ್ತು, 1992ರಲ್ಲಿ ತಾನೇ ದಿವಾಳಿಯಾಯಿತು. ಕೆಲಸ ತಡವಾಯಿತು, ಖರ್ಚು ಸುಮಾರು 350 ಕೋಟಿ ಪೌಂಡ್ ಮುಟ್ಟಿತು. 2021ರಲ್ಲಿ ಬ್ಯಾಟರ್‌ಸೀ ಪವರ್ ಸ್ಟೇಷನ್‌ವರೆಗೆ ನಾರ್ದರ್ನ್ ಲೈನಿನ ಎರಡು ಹೊಸ ನಿಲ್ದಾಣ ಬಂದವು, ನದಿಯ ದಕ್ಷಿಣದಲ್ಲೇ. ಅದಕ್ಕೆ ಮಾಡಿದ ಸಾಲವನ್ನು ತೀರಿಸುವುದು ಅಲ್ಲಿ ಎದ್ದ ಕಟ್ಟಡಗಳ ಡೆವಲಪರ್‌ಗಳ ಪಾಲು ಮತ್ತು ಆ ಪ್ರದೇಶದಲ್ಲಿ ಏರಿದ ವಾಣಿಜ್ಯ ತೆರಿಗೆ. ಮೆಟ್ರೋಲ್ಯಾಂಡಿನ ಹಳೆಯ ಪಾಠವೇ, ನೂರು ವರ್ಷದ ಮೇಲೆ. ಓಲ್ಡ್ ಕೆಂಟ್ ರೋಡಿನಲ್ಲಿ ಅಂಥ ಗಾತ್ರದ ಗಾಜಿನ ಗೋಪುರಗಳಿಲ್ಲ ಅನ್ನುವುದು ಲೂಯಿಷಮ್‌ನ ದುರದೃಷ್ಟ.

ಹೊಸದಾಗಿ ಕಟ್ಟುವುದು ಎಷ್ಟು ಕಷ್ಟ ಅಂತ ನೋಡಬೇಕಾದರೆ ಎಲಿಜಬೆತ್ ಲೈನ್ ನೋಡಿ. ಅಧಿಕೃತವಾಗಿ ಅದು ಟ್ಯೂಬ್ ಅಲ್ಲ, ಆದರೆ ಊರಿನ ಅಡಿಯಲ್ಲಿ 42 ಕಿಲೋಮೀಟರ್ ಸುರಂಗ ಕೊರೆದಿದ್ದಾರೆ. ಒಳವ್ಯಾಸ 6.2 ಮೀಟರ್. ಹಳೆಯ ಟ್ಯೂಬಿನ ಜೊತೆ ಹೋಲಿಸಿದರೆ ಒಳಗಿನ ಜಾಗ ಮೂರು ಪಟ್ಟು. ಟಾಟೆನ್‌ಹ್ಯಾಮ್ ಕೋರ್ಟ್ ರೋಡ್ ಬಳಿ ಟಿಬಿಎಂ ನಾರ್ದರ್ನ್ ಲೈನಿನ ಸುರಂಗದ ಮೇಲೆ, ಎಸ್ಕಲೇಟರ್ ಸುರಂಗದ ಕೆಳಗೆ, ಎರಡೂ ಕಡೆ ಒಂದು ಮೀಟರಿಗಿಂತ ಕಡಿಮೆ ಅಂತರದಲ್ಲಿ ನುಸುಳಿ ಹೋಯಿತು. ಕೆಳಗೆ ಮಾಮೂಲಿನಂತೆ ರೈಲು ಓಡುತ್ತಲೇ ಇತ್ತು. ಹೊರಗೆ ಬಂದ ಮಣ್ಣಿನಲ್ಲಿ ಸುಮಾರು 30 ಲಕ್ಷ ಟನ್ ಎಸೆಕ್ಸ್ ಕರಾವಳಿಯ ವಾಲಸೀ ದ್ವೀಪಕ್ಕೆ ಹೋಗಿ ಹಕ್ಕಿಗಳ ಜೌಗು ನೆಲವಾಯಿತು. ತಮಾಷೆ ಅಂದರೆ ಕೊನೆಗೆ ಅದನ್ನು ತಡ ಮಾಡಿದ್ದು ಸುರಂಗವಲ್ಲ. ಒಂದೇ ರೈಲು ದಾರಿಯಲ್ಲಿ ಮೂರು ಬಗೆಯ ಸಿಗ್ನಲ್ ವ್ಯವಸ್ಥೆಗೆ ಹೊಂದಬೇಕಿತ್ತು. ಆ ಸಾಫ್ಟ್‌ವೇರ್, ಮುಗಿಯದ ನಿಲ್ದಾಣಗಳು, ಇವೆಲ್ಲ ಸೇರಿ 2018ರ ಡಿಸೆಂಬರಿಗೆ ತೆರೆಯಬೇಕಾದದ್ದು 2022ರ ಮೇ 24ಕ್ಕೆ ತೆರೆಯಿತು.

ಕೊನೆಗೆ ನಿಮ್ಮ ಸೆಕೆ. ಟ್ಯೂಬ್ ಶುರುವಾದಾಗ ಸುತ್ತಲಿನ ಜೇಡಿಮಣ್ಣು ಸುಮಾರು 14 ಡಿಗ್ರಿ ಇತ್ತು. ಬೇಸಿಗೆಯಲ್ಲಿ ತಂಪಾಗಿರಲು ಟ್ಯೂಬಿಗೆ ಬನ್ನಿ ಅಂತ ಜಾಹೀರಾತು ಹಾಕುತ್ತಿದ್ದರು! ನೂರು ವರ್ಷ ರೈಲಿನ ಮೋಟಾರು, ಬ್ರೇಕು, ಜನರ ಮೈ ಎಲ್ಲದರ ಶಾಖವನ್ನು ಆ ಮಣ್ಣು ಕುಡಿಯಿತು. ಸುರಂಗ ಕೊರೆಯಲು ಅಷ್ಟು ಅನುಕೂಲವಾದ ಜೇಡಿ ಶಾಖವನ್ನು ಬೇಗ ಬಿಟ್ಟುಕೊಡುವುದಿಲ್ಲ. ಈಗ ಹಲವು ಕಡೆ ಅದರ ಬಿಸಿ 20 ಡಿಗ್ರಿ ದಾಟಿದೆ. ಎಸಿ ಹಾಕೋಣ ಅಂದರೆ ಬೋಗಿಯ ಮೇಲೆ ಜಾಗ ಇಲ್ಲ, ಎಸಿ ಹೊರಹಾಕುವ ಬಿಸಿಗಾಳಿ ಹೋಗಲು ಸುರಂಗದಲ್ಲೂ ಜಾಗ ಇಲ್ಲ. ಪಿಕಡಿಲಿ ಲೈನಿಗೆ ಮಾಡಿಸಿರುವ ಹೊಸ ರೈಲುಗಳಲ್ಲಿ ಹೇಗೋ ಎಸಿಗೆ ಜಾಗ ಹೊಂದಿಸಿದ್ದಾರೆ. ಬೇಕರ್‌ಲೂನಲ್ಲಿ ಇನ್ನೂ 1972ರ ವಿನ್ಯಾಸದ ರೈಲು.

ಮುಂದಿನ ಸಲ ಹೋದಾಗ ಏಂಜಲ್ ನಿಲ್ದಾಣದ ಹತ್ತಿರ ಸಿಟಿ ರೋಡ್ ಕಡೆ ಒಮ್ಮೆ ನಡೆದು ನೋಡಿ. ಅಲ್ಲಿದ್ದ ಟ್ಯೂಬ್ ನಿಲ್ದಾಣ 1922ರಲ್ಲೇ ಮುಚ್ಚಿತು, ಗಾಳಿ ಹೋಗುವ ಬಾವಿ ಮಾತ್ರ ಉಳಿದಿದೆ. 2020ರಿಂದ ಅಲ್ಲಿ ಒಂದು ದೊಡ್ಡ ಫ್ಯಾನು ಸುರಂಗದ ಬಿಸಿಗಾಳಿ ಎಳೆಯುತ್ತದೆ. ಆ ಶಾಖದಲ್ಲಿ ನೀರು ಕಾಯಿಸಿ, ಇಸ್ಲಿಂಗ್ಟನ್ನಿನ ಮನೆಗಳಿಗೂ ಒಂದು ಶಾಲೆಗೂ ಚಳಿಗಾಲದಲ್ಲಿ ಕೊಡುತ್ತಾರೆ. ಬೇಸಿಗೆಯಲ್ಲಿ ಫ್ಯಾನನ್ನು ತಿರುಗಾಮುರುಗಾ ಓಡಿಸಿ ಕೆಳಗಿನವರಿಗೆ ತಂಪು ಗಾಳಿ ಬಿಡಬಹುದು.